ಗೋಡೆ ಪಕ್ಕದ ಚೌಕ ಗೋರಿಗಳು

ಮುಂಬೈಯ ಪರೇಲಿನ ಆ ಹಳೆಯ ಸ್ಮಶಾನದಲ್ಲಿ ದಕ್ಷಿಣದ ಗೋಡೆಯ ಉದ್ದಕ್ಕೂ ಮಕ್ಕಳನ್ನು ಹೂಳಿದ್ದಾರೆ ಎಂದು ನಾನು ಮೂರು ತಿಂಗಳು ನಂಬಿದ್ದೆ. ನಂಬಿ, ಹಾಗೆಂದು ಬರೆದು, ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿ ಕೊಟ್ಟಿದ್ದೆ.

ಇತಿಹಾಸದಲ್ಲಿ ಎಂ.ಎ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಅದು. ಹಳೆಯ ಕಟ್ಟಡಗಳನ್ನು ಅಳೆದು ದಾಖಲೆ ಮಾಡುವ ಸಣ್ಣ ಆಫೀಸು. ಅದರ ಒಡತಿಯನ್ನು ನಾವು ಮೇಡಂ ಎನ್ನುತ್ತಿದ್ದೆವು. ಇಂಟರ್‌ವ್ಯೂನಲ್ಲಿ ಆಕೆ ನನ್ನ ಅಂಕಪಟ್ಟಿಯನ್ನು ಅಷ್ಟಾಗಿ ನೋಡಲಿಲ್ಲ. "ಕನ್ನಡ ಓದೋಕೆ ಬರುತ್ತಾ?" ಎಂದು ಹಿಂದಿಯಲ್ಲಿ ಕೇಳಿದರು. ಬರುತ್ತದೆ ಎಂದೆ. ಆ ಸ್ಮಶಾನದ ಕೆಲವು ಕಲ್ಲುಗಳ ಮೇಲೆ ಕನ್ನಡ ಅಕ್ಷರಗಳಿದ್ದವು, ಅದನ್ನು ಓದುವವರು ಆಫೀಸಿನಲ್ಲಿ ಇರಲಿಲ್ಲ.

ಮುಚ್ಚಿಹೋದ ಒಂದು ಬಟ್ಟೆ ಮಿಲ್ಲಿನ ಕಲ್ಲಿನ ಗೋಡೆಗೂ ಗಾಜಿನ ಆಫೀಸ್ ಕಟ್ಟಡದ ಬೆನ್ನಿಗೂ ನಡುವೆ ಇರುವ ಜಾಗ ಅದು. ಹೂಳುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಗೇಟಿನ ಹತ್ತಿರ ಉದ್ದನೆಯ ಗೋರಿಗಳು, ಅವುಗಳ ಮೇಲೆ ಮರಾಠಿ ಮತ್ತು ಇಂಗ್ಲಿಷ್ ಬರಹ. ಅರಳಿ ಬೇರುಗಳು ಕೆಲವನ್ನು ಸೀಳಿ ಎರಡು ಮಾಡಿದ್ದವು. ಗಾಜಿನ ಕಟ್ಟಡದ ಎ.ಸಿ.ಗಳಿಂದ ಹಗಲೆಲ್ಲ ತೊಟ್ಟಿಕ್ಕುವ ನೀರು ಒಂದು ಸಾಲಿನ ಅಕ್ಷರಗಳನ್ನು ಪೂರ್ತಿ ತಿಂದುಹಾಕಿತ್ತು. ಹಿಂಭಾಗದಲ್ಲಿ, ಮಿಲ್ಲಿನ ಗೋಡೆಗೆ ಹತ್ತಿಕೊಂಡಂತೆ, ಚಿಕ್ಕ ಚೌಕದ ಕಲ್ಲುಕಟ್ಟೆಗಳ ಸಾಲುಗಳು. ಒಂದೊಂದರ ಬದಿಯೂ ಎರಡೂವರೆ ಅಡಿ, ಹೆಚ್ಚೆಂದರೆ ಮೂರು. ನೆತ್ತಿಯಲ್ಲಿ ಏನೋ ಇದ್ದು ಮುರಿದುಹೋದ ಗುಂಡನೆಯ ಗುರುತು.

ಆ ಗೋಡೆಗೂ ಮಿಲ್ಲಿನ ಕಟ್ಟಡಕ್ಕೂ ನಡುವಿನ ಗಲ್ಲಿಯನ್ನು ಅಗಲ ಮಾಡಬೇಕು, ಅದಕ್ಕೆ ಸ್ಮಶಾನದ ದಕ್ಷಿಣದ ಪಟ್ಟಿ ಬೇಕು ಎಂದು ವಾರ್ಡ್ ಆಫೀಸಿನವರು ಕೇಳಿದ್ದರು. ಅದಕ್ಕೆ ಮೊದಲು ಒಳಗೆ ಉಳಿಸಬೇಕಾದದ್ದು ಏನೇನಿದೆ ಎಂದು ನಾವು ಪಟ್ಟಿ ಮಾಡಿಕೊಡಬೇಕು. ಒಂದು ಗೋರಿಗೆ ಒಂದು ಹಾಳೆ. ಸಂಖ್ಯೆ, ಉದ್ದ, ಅಗಲ, ಕಲ್ಲು, ಬರಹ, ಸ್ಥಿತಿ, ಷರಾ. ಕೊನೆಯಲ್ಲಿ ಬಗೆ, ಅದಕ್ಕೆ ಮೂರು ಚೌಕಟ್ಟು: ದೊಡ್ಡವರು, ಮಗು, ಗೋರಿಯಲ್ಲ. ನಾಲ್ಕು ಅಡಿಗಿಂತ ಚಿಕ್ಕದಾದರೆ ಮಗು ಎಂದು ಮೇಡಂ ಹೇಳಿಕೊಟ್ಟಿದ್ದರು.

ನಾನು ಏಪ್ರಿಲ್‌ನಲ್ಲಿ ಶುರು ಮಾಡಿದೆ. ಅಳಿಸಿದ ಅಕ್ಷರ ಓದಲು ಒಂದು ಕನ್ನಡಿ ಇಟ್ಟುಕೊಂಡಿದ್ದೆ. ಬಿಸಿಲನ್ನು ಅದರಲ್ಲಿ ಹಿಡಿದು ಕಲ್ಲಿನ ಮೇಲೆ ಓರೆಯಾಗಿ ಬಿಟ್ಟರೆ ಕಾಣದ ಗೆರೆಗಳು ನೆರಳಾಗಿ ಏಳುತ್ತವೆ. ಚೌಕಗಳ ಮೇಲೆ ಅಲ್ಲಲ್ಲಿ ಅರ್ಧ ಕನ್ನಡ ಅಕ್ಷರ ಎದ್ದಿತು, ಹೆಸರಾಗುವಷ್ಟು ಅಲ್ಲ. ಸಾಲು ಮುಗಿಯುತ್ತಲೇ ಇರಲಿಲ್ಲ. ಮಗು, ಮಗು, ಮಗು ಎಂದು ಟಿಕ್ ಮಾಡುತ್ತಾ ಹೋದೆ. ಇಷ್ಟೊಂದು ಮಕ್ಕಳು ಒಂದೇ ಗೋಡೆಯ ಬುಡದಲ್ಲಿ ಹೇಗೆ? ಯಾವುದೋ ರೋಗ ಬಂದು ಮಿಲ್ಲಿನ ಕಾರ್ಮಿಕರ ವಠಾರಗಳಾದ ಚಾಳುಗಳ ಮಕ್ಕಳನ್ನೆಲ್ಲ ಒಟ್ಟಿಗೆ ಒಯ್ದಿರಬೇಕು ಎಂದುಕೊಂಡೆ. ಷರಾದಲ್ಲಿ ಹಾಗೆಯೇ ಬರೆದೆ. ಮಧ್ಯಾಹ್ನ ಒಂದು ಗಂಟೆಯ ಬಿಸಿಲಿನಲ್ಲೂ ಆ ಸಾಲಿಗೆ ಬೆನ್ನು ಹಾಕಿ ಡಬ್ಬಿ ಬಿಚ್ಚಲು ನನಗೆ ಆಗುತ್ತಿರಲಿಲ್ಲ.

ಮನೆಯಲ್ಲಿ ಹೇಳಿರಲಿಲ್ಲ. ನಮ್ಮದು ಮೈಸೂರಿನ ಕಡೆಯಿಂದ ಬಂದು ಘಾಟ್ಕೋಪರ್‌ನಲ್ಲಿ ನೆಲೆಸಿದ ಮನೆ. ನಮ್ಮಲ್ಲಿ ಸುಡುತ್ತಾರೆ, ಹೆಂಗಸರು ಸ್ಮಶಾನದ ಗೇಟಿನ ತನಕವೂ ಹೋಗುವುದಿಲ್ಲ. ಹಳೇ ಕಟ್ಟಡಗಳ ಸರ್ವೆ ಎಂದಷ್ಟೇ ಅಮ್ಮನಿಗೆ ಹೇಳಿದ್ದೆ. ಸಂಜೆ ಬಂದವಳು ಚಿಲಕ, ನೀರಿನ ಲೋಟ, ಅಮ್ಮ ಯಾವುದನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗುತ್ತಿದ್ದೆ.

"ಇದೇನೇ ಹೊಸ ಮಡಿ?" ಎನ್ನುತ್ತಿದ್ದಳು ಅಮ್ಮ. "ಲೋಕಲ್‌ನಲ್ಲಿ ಯಾರು ಏನು ಮೆತ್ತಿದ್ರು ನಿಂಗೆ?"

ಸೋಮವಾರಗಳಂದು ಅಲ್ಲಿಗೆ ಒಬ್ಬ ಅಜ್ಜಿ ಬರುತ್ತಿದ್ದಳು. ದಹಿಸರ್‌ನಿಂದ ಲೋಕಲ್ ರೈಲು ಹಿಡಿದು, ಪ್ರಭಾದೇವಿಯಲ್ಲಿ ಇಳಿದು, ಸೇತುವೆ ದಾಟಿ, ಕೈಯಲ್ಲಿ ಒಂದು ಬಟ್ಟೆಯ ಚೀಲ. ನಾನು ನಲವತ್ತೊಂದು ಎಂದು ಸಂಖ್ಯೆ ಕೊಟ್ಟಿದ್ದ ಚೌಕದ ಮುಂದೆ ಕುಳಿತು ಕಲ್ಲು ಒರೆಸಿ, ವಿಭೂತಿ ಹಚ್ಚಿ, ಒಂದು ಬಿಲ್ವಪತ್ರೆ ಇಟ್ಟು ಹೋಗುವಳು. ನನ್ನನ್ನು ಕಂಡರೆ ತಲೆಯಾಡಿಸುವಳು, ನಾನೂ ತಲೆಯಾಡಿಸುವೆ. ಅವಳು ಕಲ್ಲಿನೊಂದಿಗೆ ಕನ್ನಡದಲ್ಲಿ ಏನೋ ಗೊಣಗುವುದು ಕೇಳುತ್ತಿತ್ತು. ಮಾತನಾಡಿಸಲು ನನಗೆ ಹತ್ತು ಅವಕಾಶಗಳಾದರೂ ಇದ್ದವು. ಆದರೆ ಮಗುವನ್ನು ಕಳೆದುಕೊಂಡವಳ ಹತ್ತಿರ ಏನೆಂದು ಕೇಳುವುದು? ಯಾರಾದರೂ ನನ್ನ ದುಃಖದ ಬಗ್ಗೆ ಕೇಳಿದರೆ ನನಗೆ ಇಷ್ಟವಾಗುವುದಿಲ್ಲ. ಆದ್ದರಿಂದ ಕೇಳದಿರುವುದೇ ಮರ್ಯಾದೆ ಎಂದು ತಿಳಿದು ಹಾಳೆಯ ಮೇಲೆ ಬಗ್ಗುತ್ತಿದ್ದೆ.

ಜೂನ್‌ನ ಎರಡನೆಯ ಮಳೆಯ ಮಾರನೆಯ ದಿನ ಮೂವತ್ತೆಂಟನೆಯ ಚೌಕದ ಪಕ್ಕ ನನ್ನ ಬಲಗಾಲು ನೆಲದೊಳಗೆ ಹೋಯಿತು.

ಕೆಸರಿನಲ್ಲಿ ಹೂತಂತಲ್ಲ. ಮೇಲಿನ ಮಣ್ಣು ಒಡೆದು, ಕಾಲು ಮೊಣಕಾಲಿನವರೆಗೆ ಖಾಲಿಯೊಳಗೆ ಇಳಿಯಿತು. ಪಾದಕ್ಕೆ ಏನೂ ತಾಗಲಿಲ್ಲ. ಒಳಗೆ ತಣ್ಣಗಿತ್ತು. ಎರಡೂ ಕೈಯಲ್ಲಿ ಕಲ್ಲನ್ನು ತಬ್ಬಿಕೊಂಡು ಕಾಲನ್ನು ಎಳೆದುಕೊಂಡೆ. ಚಪ್ಪಲಿ ಒಳಗೇ ಉಳಿಯಿತು.

ಓಡಿಹೋಗಬೇಕಿತ್ತು. ಆದರೆ ಹಾಳೆಯಲ್ಲಿ 'ಸ್ಥಿತಿ' ಎಂಬ ಸಾಲಿತ್ತು, ಅದನ್ನು ಖಾಲಿ ಬಿಡುವುದು ನನ್ನಿಂದ ಆಗದು. ಅಳತೆಯ ಕೋಲನ್ನು ತೂತಿನೊಳಗೆ ಬಿಟ್ಟೆ. ಮೂರೂವರೆ ಅಡಿ ನೇರ ಇಳಿಯಿತು, ಆಮೇಲೆ ಗೋಡೆಯ ಕಡೆಗೆ ಓರೆಯಾಗಿ ಜಾರಿ ಒಟ್ಟು ಐದೂವರೆ ಅಡಿಗೆ ಹೋಯಿತು. ತುದಿಗೆ ಆಗಲೂ ಏನೂ ತಾಗಲಿಲ್ಲ. ಒಳಗೆ ಟಾರ್ಚ್ ಹಾಕಿ ನೋಡುವ ಧೈರ್ಯ ಬರಲಿಲ್ಲ. ಅಳತೆಯನ್ನು ಸರಿಯಾಗಿ ಬರೆದು, ಷರಾದಲ್ಲಿ 'ಹೆಗ್ಗಣದ ಬಿಲ ಇರಬಹುದು' ಎಂದು ಸೇರಿಸಿ, ಒಂದು ಚಪ್ಪಲಿಯಲ್ಲಿ ಸ್ಟೇಷನ್‌ವರೆಗೆ ನಡೆದೆ. ಅಂದಿನಿಂದ ಆ ಸಾಲಿನಲ್ಲಿ ಪ್ರತಿ ಹೆಜ್ಜೆಗೂ ಮೊದಲು ಕೋಲಿನಿಂದ ನೆಲ ತಟ್ಟುತ್ತಿದ್ದೆ. ಕೆಲವು ಕಡೆ ಅದು ಖಾಲಿ ಡಬ್ಬಿಯಂತೆ ಸದ್ದು ಮಾಡುತ್ತಿತ್ತು.

ತಿಂಗಳ ಕೊನೆಗೆ ಹಾಳೆಗಳನ್ನು ಮೇಡಂಗೆ ಒಪ್ಪಿಸಿದೆ. ಅವರು ಅದರ ಮೇಲೆ ವರದಿ ಬರೆದರು. ದೊಡ್ಡವರ ಗೋರಿಗಳನ್ನು ಮುಟ್ಟಕೂಡದು. ದಕ್ಷಿಣದ ಪಟ್ಟಿಯಲ್ಲಿರುವುದು ಹೆಸರಿಲ್ಲದ ಮಕ್ಕಳ ಗೋರಿಗಳು, ಅವು ಆಳವಿರುವುದಿಲ್ಲ. ಮೂರು ಅಡಿ ಮಣ್ಣನ್ನು ತೆಗೆದು ಗೌರವದಿಂದ ಇನ್ನೊಂದು ಮೂಲೆಗೆ ಸ್ಥಳಾಂತರಿಸಬಹುದು. 'ಗೌರವದಿಂದ' ಎಂಬ ಪದವನ್ನು ನಾನೇ ಸೇರಿಸಲು ಹೇಳಿದ್ದೆ.

ಜುಲೈಯಲ್ಲಿ ಕೊನೆಯ ಫೋಟೋಗಳಿಗಾಗಿ ಹೋದಾಗ ಗೋಡೆಯ ಮೇಲೆ ಕೆಂಪು ಬಣ್ಣದ ಉದ್ದನೆಯ ಗೆರೆ ಎಳೆದಿದ್ದರು. ಪ್ರತಿ ಚೌಕದ ಮೇಲೂ ಒಂದು ಕೆಂಪು ಅಡ್ಡಗುರುತು. ಅಂದು ಸೋಮವಾರ. ಅಜ್ಜಿ ನಲವತ್ತೊಂದರ ಮೇಲಿನ ಬಣ್ಣವನ್ನು ಸೆರಗಿನಿಂದ ಉಜ್ಜುತ್ತಿದ್ದಳು. ಅದು ಹೋಗುತ್ತಿರಲಿಲ್ಲ.

"ಯವ್ವಾ, ಈ ಲಾಲ್ ಪೇಂಟ್ ಯಾಕ ಹೊಡದಾರ?" ಎಂದಳು, ಮೊದಲ ಬಾರಿಗೆ ನೇರ ನನಗೆ. "ನೀ ಸರ್ಕಾರದಾಕಿ ಏನು?"

ಅಲ್ಲ ಎಂದೆ. ಕನ್ನಡದಲ್ಲಿ ಎಂದೆ.

"ಅಯ್ಯ, ಕನ್ನಡದಾಕಿ! ಮೂರ ತಿಂಗಳಾತು ಮೂಗಿ ಹಂಗ ಕುಂತಿದ್ದೆಲ್ಲಾ." ಅವಳು ಪಕ್ಕದ ಜಾಗ ತಟ್ಟಿದಳು. ನಾನು ಕುಳಿತೆ. "ಬರದಿಯಲ್ಲಾ ಇಷ್ಟ ದಿವಸ. ನಮ್ಮ ಯಜಮಾನ್ರನ್ನ ಏನಂತ ಬರದಿ?"

"ಯಾರನ್ನು?"

"ಇವರನ್ನ." ಕಲ್ಲಿನ ಮೇಲೆ ಅಂಗೈ ಇಟ್ಟಳು. "ಸ್ಪಿನ್ನಿಂಗ್ ಖಾತೇದಾಗಿದ್ರು, ಈ ಗ್ವಾಡಿ ಆಚಿಕಡೆ. ಐದೂವರಿ ಫೂಟ್ ಆಳು. ಚಾಳಿನ ಬಾಗಿಲಾಗ ತೆಲಿ ಬಡಕೋತಿದ್ರು."

ನಾನು ಕಲ್ಲನ್ನು ನೋಡಿದೆ. ಎರಡು ಅಡಿ ಎಂಟು ಅಂಗುಲ. ನಾನೇ ಅಳೆದದ್ದು. "ಇಷ್ಟು ಚಿಕ್ಕದರಲ್ಲಿ..." ಎಂದೆ.

ಅವಳು ನನ್ನ ಮುಖ ನೋಡಿ ನಗತೊಡಗಿದಳು. "ಮಲಗಿಸಿಲ್ಲವ್ವಾ! ಕುಂತಾರ. ನಾವು ಲಿಂಗಾಯತರು, ನಮ್ಮ ಮಂದೀನ ಕುಂದ್ರಿಸೇ ಮಣ್ಣು ಕೊಡತಾರ. ಆಳುದ್ದ ತೆಗ್ಗು ತೆಗೀತಾರ, ಅದರ ಬಾಜೂಕ ಒಂದ ಗೂಡು. ಗೂಡಿನಾಗ ಪದ್ಮಾಸನ ಹಾಕಿಸಿ, ಎಡಗೈಯಾಗ ಲಿಂಗ ಕೊಟ್ಟು, ವಿಭೂತಿ, ಪತ್ರಿ, ಉಪ್ಪು. ನಾ ಕಣ್ಣಾರೆ ಕಂಡೀನಿ. ಕನ್ನಡದಾಕಿ ಅಂತಿ, ಇಷ್ಟೂ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಲಿಂಗಾಯತರು ಹೂಳುತ್ತಾರೆ ಎಂದು ಕೇಳಿದ್ದೆ. ಕೂರಿಸುತ್ತಾರೆ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಆ ಕ್ಷಣ ನಾನು ಮಾಡಿದ ಕೆಲಸ ನೆನಪಿದೆ: ಎರಡೂ ಕಾಲುಗಳನ್ನು ನೆಲದಿಂದ ಎತ್ತಿ ಮಡಚಿ ಕಲ್ಲುಚೂರಿನ ಮೇಲೆ ಇಟ್ಟುಕೊಂಡೆ. ಸಾಲಿನ ಉದ್ದಕ್ಕೂ, ಗೋಡೆಗೆ ಒರಗಿದಂತೆ, ಗಂಡಸರು ಹೆಂಗಸರು ನೆಲದೊಳಗೆ ನೇರ ಬೆನ್ನಿನಲ್ಲಿ ಕುಳಿತಿದ್ದಾರೆ. ಅವರ ನೆತ್ತಿಯ ಮೇಲೆ ನಾನು ಮೂರು ತಿಂಗಳು ಓಡಾಡಿದ್ದೇನೆ. ನನ್ನ ಕಾಲು ಇಳಿದದ್ದು ಹೆಗ್ಗಣದ ಬಿಲಕ್ಕಲ್ಲ. ನನ್ನ ಚಪ್ಪಲಿ ಯಾರದೋ ಮಡಿಲಿನಲ್ಲಿದೆ.

ಆಮೇಲೆ ಲೆಕ್ಕ ಬಂತು, ಅದು ಇನ್ನೂ ಕೆಟ್ಟದ್ದು. ಗುಂಡಿ ಆಳುದ್ದ, ಅಂದರೆ ಆರು ಅಡಿ. ಕುಳಿತ ಮನುಷ್ಯ ನೆಲದಿಂದ ನೆತ್ತಿಗೆ ಮೂರು ಅಡಿ. ಜೆ.ಸಿ.ಬಿ. ಮೂರು ಅಡಿ ಮಣ್ಣು ತೆಗೆಯಬಹುದು ಎಂದು ನಾವು ಬರೆದುಕೊಟ್ಟಿದ್ದೆವು. ಮೂರು ಅಡಿಗೆ ಅದರ ಹಲ್ಲುಗಳಿಗೆ ಸಿಗುವುದು ತಲೆ.

"ಯಾಕವ್ವಾ, ಬೆವರಾಕತ್ತಿ?" ಎಂದಳು ಅಜ್ಜಿ. "ಇವರನ್ನ ಎಬ್ಬಸ್ತಾರೇನು?"

ನಾನು ಗೊತ್ತಿಲ್ಲ ಎಂದೆ. ಗೊತ್ತಿತ್ತು. ಶುಕ್ರವಾರ ವಾರ್ಡ್ ಆಫೀಸಿನಲ್ಲಿ ಸಭೆ, ಅಲ್ಲಿ ನಮ್ಮ ವರದಿಯನ್ನು ಒಪ್ಪಿದರೆ ಮುಂದಿನ ವಾರ ಯಂತ್ರ ಬರುತ್ತದೆ.

ಮೇಡಂಗೆ ಹೇಳುವುದಕ್ಕೆ ನನಗೆ ಎರಡು ದಿನ ಹಿಡಿಯಿತು. ಎರಡು ಸಲ ಅವರ ಬಾಗಿಲ ತನಕ ಹೋಗಿ ಸ್ಟೇಪ್ಲರ್ ತೆಗೆದುಕೊಂಡು ಬಂದೆ. ಮೂರನೆಯ ಸಲ ನಿಂತಲ್ಲೇ, ಉಸಿರೆಳೆಯದೆ, ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕನ್ನಡ ಆತಾ ಹೈ, ಇಸೀಲಿಯೇ ರಖಾ ಥಾ ತುಮ್ಹೇ," ಎಂದರು. ಕನ್ನಡ ಬರುತ್ತದೆಂದೇ ನಿನ್ನನ್ನು ಇಟ್ಟುಕೊಂಡದ್ದು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. "ವರದಿ ಕೊಟ್ಟಾಗಿದೆ. ಒಬ್ಬ ಮುದುಕಿ ಹೇಳಿದಳು ಅಂತ ವಾಪಸ್ ತಗೊಳ್ಳೋಕಾಗುತ್ತಾ? ಒಂದೇ ಒಂದು ಹೆಸರು ಕೆತ್ತಿಲ್ಲ ಅಂತ ನೀನೇ ಬರೆದಿದ್ದೀಯ. ಸಭೆಗೆ ಬಾ. ಹೇಳೋದಿದ್ದರೆ ನೀನೇ ಹೇಳು. ಹಾಳೆ ಮೇಲಿರೋ ಸಹಿ ನಿಂದು."

ನಾನು ಸಭೆಗಳಲ್ಲಿ ಮಾತನಾಡಿದವಳಲ್ಲ. ತರಗತಿಯಲ್ಲಿ ಹಾಜರಿ ಕರೆದಾಗ ಕೂಡ ಒಮ್ಮೊಮ್ಮೆ ನನ್ನ ಧ್ವನಿ ಹೊರಡುತ್ತಿರಲಿಲ್ಲ. ಗುರುವಾರ ಸಂಜೆ ಮನೆಗೆ ಬಂದು ಎಂದಿನಂತೆ ಸ್ನಾನ ಮಾಡಿ, ಒದ್ದೆ ಕೂದಲಿನಲ್ಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನಿಗೆ ಹೇಳಿದೆ. ಸ್ಮಶಾನ, ಚೌಕಗಳು, ಮಗು ಎಂಬ ಟಿಕ್‌ಗಳು, ನಾಳೆಯ ಸಭೆ.

ಅಮ್ಮ ಒಲೆಯ ಉರಿ ತಗ್ಗಿಸಿ ನನ್ನ ಕಡೆ ತಿರುಗಿದಳು. ಆಮೇಲೆ, "ಮೂರು ತಿಂಗಳ ಸ್ನಾನ ಇದಕ್ಕಾ?" ಎಂದಳು. "ನಾನು ಯಾವನೋ ಹುಡುಗನ ವಿಷಯ ಅಂದ್ಕೊಂಡು ನಿಮ್ಮಪ್ಪನಿಗೂ ಹೇಳದೆ ಒದ್ದಾಡ್ತಿದ್ದೆ."

"ಅಮ್ಮ, ನಂಗೆ ಭಯ ಆಗ್ತಿದೆ."

"ಆಗ್ಲಿ ಬಿಡು, ಆಗಬೇಕಾದ್ದೇ." ಒಲೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ, ನನಗಲ್ಲ ಎಂಬಂತೆ ಹೇಳಿದಳು: "ಕೂತಿರೋರನ್ನ ಹೋಗಿ ಎಬ್ಬಿಸ್ತಾರೇನೇ ಯಾರಾದ್ರೂ?"

ಸಭೆಯ ಕೋಣೆಯಲ್ಲಿ ಫ್ಯಾನಿನ ಸದ್ದು ಜೋರಾಗಿತ್ತು. ಶುಕ್ರವಾರ ಇಲ್ಲಿಗೆ ಬನ್ನಿ ಎಂದಷ್ಟೇ ಅಜ್ಜಿಗೆ ಸೋಮವಾರ ಹೇಳಿದ್ದೆ, ಅವಳು ಬೆಳಿಗ್ಗೆಯೇ ಬಂದು ಹೊರಗಿನ ಬೆಂಚಿನಲ್ಲಿ ಚೀಲ ಮಡಿಲಲ್ಲಿಟ್ಟು ಕುಳಿತಿದ್ದಳು. ದಕ್ಷಿಣದ ಪಟ್ಟಿಯ ಸರದಿ ಬಂದಾಗ ನಾನು ಎದ್ದು ನಿಂತೆ. ನನ್ನ ಮುರುಕು ಮರಾಠಿಯಲ್ಲಿ, ಈ ಹಾಳೆಗಳು ತಪ್ಪು, ತಪ್ಪು ನನ್ನದು ಎಂದೆ. ಕೂರಿಸಿ ಹೂಳುವುದನ್ನು ವಿವರಿಸಿದೆ.

ಮೇಜಿನ ತುದಿಯ ಅಧಿಕಾರಿ ಒಳ್ಳೆಯ ಮನುಷ್ಯನಂತೆಯೇ ಕಾಣುತ್ತಿದ್ದರು, ಅದೇ ಹೆಚ್ಚು ಕಷ್ಟವಾಯಿತು. "ಪುರಾವಾ ಕಾಯ್, ತಾಯಿ?" ಎಂದರು. ಸಾಕ್ಷಿ ಏನು? ಹೊರಗೆ ಕುಳಿತವಳು ಒಂದು ಕಲ್ಲಿನ ಬಗ್ಗೆ ಹೇಳಬಲ್ಲಳು. ಉಳಿದ ಸಾಲಿಗೆ?

ಮೇಡಂ ನನ್ನ ಕಡೆ ನೋಡಲಿಲ್ಲ. ನಾನು ಕೈಯಲ್ಲಿದ್ದ ಕಟ್ಟನ್ನು ತಿರುವಿದೆ, ಏನನ್ನಾದರೂ ಹಿಡಿದುಕೊಳ್ಳಬೇಕಿತ್ತು ಅಷ್ಟೇ. ಮೂವತ್ತೆಂಟನೆಯ ಹಾಳೆ ಸಿಕ್ಕಿತು. ಮೂಲೆಯಲ್ಲಿ ಕೆಸರಿನ ಹೆಬ್ಬೆಟ್ಟಿನ ಗುರುತು. ನೇರ ಮೂರೂವರೆ ಅಡಿ, ಬಳಿಕ ಗೋಡೆಯ ಕಡೆಗೆ ಓರೆಯಾಗಿ, ಒಟ್ಟು ಐದೂವರೆ. ಹೆಗ್ಗಣ ಎಂದು ಬರೆದದ್ದು ನನ್ನ ಭಯ, ಆದರೆ ಅಳತೆ ಸರಿಯಿತ್ತು. ಮಗುವಿನ ಗುಂಡಿಯನ್ನು ಯಾರೂ ಅಷ್ಟು ಆಳ ತೋಡುವುದಿಲ್ಲ, ಪಕ್ಕಕ್ಕೆ ಗೂಡು ಕೊರೆಯುವುದಿಲ್ಲ. ನಾನು ಅದನ್ನು ಓದಿದೆ.

ಅಧಿಕಾರಿ ಹಾಳೆಯನ್ನು ಕೇಳಿ ಪಡೆದು ಎರಡು ಸಲ ಓದಿದರು. "ಚಲಾ," ಎಂದರು. "ನೋಡಿಯೇ ಬರೋಣ."

ಮಧ್ಯಾಹ್ನ ಮಳೆ ಬಿಟ್ಟಿತ್ತು. ಅಧಿಕಾರಿ, ಅವರ ಇಬ್ಬರು ಸಹಾಯಕರು, ಮೇಡಂ, ಅಜ್ಜಿ, ನಾನು. ತೂತು ಮೊದಲಿಗಿಂತ ದೊಡ್ಡದಾಗಿತ್ತು. ಯಾರೂ ಮುಂದೆ ಹೋಗಲಿಲ್ಲ. ನಾನು ಮಂಡಿಯೂರಿ ಕೋಲನ್ನು ಇಳಿಸಿದೆ. ಅದು ಹಿಂದಿನಂತೆಯೇ ಇಳಿದು, ಹಿಂದಿನಂತೆಯೇ ಗೋಡೆಯ ಕಡೆಗೆ ತಿರುಗಿತು. ಈ ಸಲ ನನಗೆ ಗೊತ್ತಿತ್ತು ಅದು ಎಲ್ಲಿಗೆ ಹೋಗುತ್ತಿದೆ ಎಂದು. ಕೋಲಿನ ತುದಿ ಯಾವುದಕ್ಕೂ ತಾಗದಿರಲಿ ಎಂದು ಕಣ್ಣು ಮುಚ್ಚಿಕೊಂಡೆ. ತಾಗಲಿಲ್ಲ. ಹೆಬ್ಬೆರಳು ಇಟ್ಟು ಅಳತೆ ಹಿಡಿದು ಮೇಲೆತ್ತಿ ತೋರಿಸಿದೆ.

"ಸಾಹೇಬ್ರ, ಇಳೀರಿ ಅಲ್ಲಿಂದ," ಎಂದಳು ಅಜ್ಜಿ ಹಿಂದಿನಿಂದ, ಕನ್ನಡದಲ್ಲೇ. "ಒಬ್ಬರ ನೆತ್ತಿ ಮ್ಯಾಲೆ ನಿಂತೀರಿ."

ನಾನು ಅನುವಾದಿಸಿದೆ. ಅಧಿಕಾರಿ ತಮ್ಮ ಬೂಟುಗಳ ಕಡೆಗೆ ನೋಡಿಕೊಂಡರು. ಅವರು ನಲವತ್ತನೆಯ ಚೌಕದ ಮೇಲೆ ನಿಂತಿದ್ದರು. ಮೆಲ್ಲನೆ, ನೀರಿನಿಂದ ಏಳುವವರ ಹಾಗೆ, ಒಂದೊಂದೇ ಕಾಲು ತೆಗೆದು ದಾರಿಗೆ ಬಂದರು. ಅವರ ಸಹಾಯಕರೂ ತಾವು ನಿಂತ ಜಾಗ ನೋಡಿಕೊಂಡು ಸರಿದರು. ಆ ದಿನ ಹೆದರಿದವಳು ನಾನೊಬ್ಬಳೇ ಆಗಿರಲಿಲ್ಲ.

ಹೊಸ ಸರ್ವೆ ಆಗುವ ತನಕ ದಕ್ಷಿಣದ ಪಟ್ಟಿಯನ್ನು ಮುಟ್ಟುವಂತಿಲ್ಲ ಎಂದು ಅಲ್ಲಿಯೇ ನಿಂತು ಬರೆಸಿದರು. ತನಕ ಎಂದಷ್ಟೇ. ಗೋಡೆಯ ಮೇಲಿನ ಕೆಂಪು ಗೆರೆಯನ್ನು ಯಾರೂ ಅಳಿಸಿಲ್ಲ, ಗಲ್ಲಿ ಇನ್ನೂ ಕಿರಿದಾಗಿಯೇ ಇದೆ, ಆ ಕಡೆಯ ಜನ ನಮ್ಮನ್ನು ಶಪಿಸುತ್ತಿರಬಹುದು. ಪೂರ್ವದ ಮೂಲೆಯ ಮೂರು ಚೌಕಗಳು ಪೂರಾ ಕುಸಿದು ಹೋಗಿದ್ದು ಅವು ಏನೆಂದು ತೋರಿಸಲು ನನ್ನ ಬಳಿ ಈಗ ಏನೂ ಇಲ್ಲ. ಮೇಡಂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಎಲ್ಲ ಹಾಳೆಗಳನ್ನೂ ಮತ್ತೆ ಬರೆಯಲು ಹೇಳಿದರು. ಬಗೆಯ ಕಾಲಂಗೆ ನಾಲ್ಕನೆಯ ಚೌಕಟ್ಟು ಸೇರಿಸೋಣವೇ ಎಂದು ಕೇಳಿದ್ದಕ್ಕೆ, "ಫಾರ್ಮ್ ಬದಲಾಗಲ್ಲ, ಷರಾದಲ್ಲಿ ಬರಿ," ಎಂದರು.

ಹೀಗಾಗಿ ಈಗ ಸೋಮವಾರಗಳಂದು ಕಲ್ಲುಗಳ ನಡುವಿನ ಕಿರಿದಾದ ದಾರಿಯಲ್ಲೇ, ಕೋಲು ತಟ್ಟುತ್ತಾ ಹೋಗುತ್ತೇನೆ. ಭಯ ಹೋಗಿಲ್ಲ. ಮನೆಗೆ ಬಂದ ಮೇಲೆ ಸ್ನಾನವೂ ನಿಂತಿಲ್ಲ, ಬಿಸಿನೀರನ್ನು ಅಮ್ಮನೇ ಕಾಯಿಸಿ ಇಟ್ಟಿರುತ್ತಾಳೆ. ಪ್ರತಿ ಹಾಳೆಯಲ್ಲಿ 'ದೊಡ್ಡವರು' ಎಂದು ಟಿಕ್ ಮಾಡಿ, ಷರಾದಲ್ಲಿ 'ಕುಳಿತಿದ್ದಾರೆ' ಎಂದು ಬರೆಯುತ್ತೇನೆ.

ನಲವತ್ತೊಂದರ ಹಾಳೆ ಬರೆಯುವ ದಿನ ಅಜ್ಜಿ ಪಕ್ಕದಲ್ಲಿದ್ದಳು. ಜೋಳದ ರೊಟ್ಟಿ ತಂದಿದ್ದಳು, ನಾನು ಇನ್ನೂ ಅಲ್ಲಿ ಕುಳಿತು ತಿನ್ನಲಾರೆ, ಚೀಲಕ್ಕೆ ಹಾಕಿಕೊಂಡೆ. "ಓದು, ಏನ ಬರದಿ," ಎಂದಳು. ಓದಿದೆ.

"ಕುಂತಾರ ಅಂದ್ರ ಸಾಲದು. ಯಾ ಕಡೆ ಮಕ ಅಂತ ಬರಿ."

"ಯಾವ ಕಡೆ?"

"ಉತ್ತರಕ್ಕ. ಮಿಲ್ಲಿಗೆ ಬೆನ್ನ ಮಾಡಿ." ಬಿಲ್ವಪತ್ರೆಯನ್ನು ಕೆಂಪು ಗುರುತಿನ ಮೇಲೆ, ಅದು ಮುಚ್ಚುವ ಹಾಗೆ ಸರಿಪಡಿಸಿದಳು. "ಸಾಕಾಗಿತ್ತು ಅವರಿಗೆ ಆ ಮಿಲ್ಲು."

ನಾನು ಬರೆದೆ: ಕುಳಿತಿದ್ದಾರೆ, ಉತ್ತರಕ್ಕೆ ಮುಖ, ಮಿಲ್ಲಿಗೆ ಬೆನ್ನು. ಕೆಳಗೆ ಸಹಿ ಹಾಕಿದೆ.